ಶೇರು, ಲೀಟರು, ಕಿಲೋ: ಮಲಪ್ರಭಾ ಸೀಮೆಯ ಅಡುಗೆಯಲ್ಲಿ ದ್ರವಗಳ ತೂಕ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಒಂದೇ ಮನೆಯ ಸಾಮಾನಿನ ಚೀಟಿಯಲ್ಲಿ ಹಾಲು ಲೀಟರಿನಲ್ಲಿ, ಎಣ್ಣೆ ಕಿಲೋದಲ್ಲಿ, ತುಪ್ಪ ಒಮ್ಮೆ ಹಾಗೆ ಒಮ್ಮೆ ಹೀಗೆ ಬರುತ್ತದೆ. ಗಾಣದ ಅಂಗಡಿಗೆ ಹೋದವರು ‘ಅರ್ಧಾ ಕೇಜಿ ಶೇಂಗಾ ಎಣ್ಣಿ ಕೊಡ್ರಿ’ ಎನ್ನುತ್ತಾರೆ. ಕಿರಾಣಿ ಅಂಗಡಿಯಲ್ಲಿ ಪಾಕೀಟು ಕೊಳ್ಳುವವರು ‘ಒಂದ ಲೀಟರ್’ ಎನ್ನುತ್ತಾರೆ. ಎರಡೂ ಮನೆಗೆ ಬಂದು ಒಂದೇ ಡಬ್ಬಿ ಸೇರುತ್ತವೆ. ಅಲ್ಲಿಂದ ಮುಂದಿನ ಅಳತೆ ವಾಟಿಯದು, ತಂಬಿಗೆಯದು, ಚಮಚದ್ದು. ಇವುಗಳ ನಡುವೆ ಲೆಕ್ಕ ಹಾಕುವಾಗ ಬಹುತೇಕರು ಲೀಟರೆಂದರೆ ಕಿಲೋ, ಕಿಲೋ ಎಂದರೆ ಹಳೆಯ ಶೇರು ಎಂದು ಹಿಡಿದುಬಿಡುತ್ತಾರೆ. ನೀರಿನ ಮಟ್ಟಿಗೆ ಮೊದಲ ಸಮೀಕರಣ ಸರಿ. ಉಳಿದೆಡೆ ತಪ್ಪು ಸೇರಿಕೊಳ್ಳುತ್ತದೆ, ಅದೂ ಎಣ್ಣೆಗೆ ಒಂದು ದಿಕ್ಕಿನಲ್ಲಿ, ಹಾಲಿಗೆ ಇನ್ನೊಂದು ದಿಕ್ಕಿನಲ್ಲಿ, ಪಾಕಕ್ಕೆ ಬಹಳ ದೊಡ್ಡದಾಗಿ. ಆ ತಪ್ಪು ಎಲ್ಲಿ ಎಷ್ಟು, ಎಲ್ಲಿ ಅದನ್ನು ಲೆಕ್ಕಿಸಬೇಕು, ಎಲ್ಲಿ ಬಿಡಬಹುದು ಎಂಬುದನ್ನು ಇಲ್ಲಿ ವಿಚಾರಿಸಿದ್ದೇನೆ. ನನ್ನ ಆಸಕ್ತಿಗೆ ಮುಖ್ಯ ಕಾರಣ ಹಿರಿಯರು ಬಾಯಿಂದ ಹೇಳುವ ಮತ್ತು ಹಳೆಯ ವಹಿಗಳಲ್ಲಿ ಉಳಿದಿರುವ ಅಡುಗೆ ಲೆಕ್ಕಗಳು. ಅವನ್ನು ಇಂದಿನ ಅಳತೆಗೆ ತರುವಾಗ ನಾವು ರುಚಿಯನ್ನೇ ಬದಲಿಸುತ್ತಿದ್ದೇವೆ.

ಮೊದಲು ಎಣ್ಣೆ. ಈ ಭಾಗದ ಅಡುಗೆಗೆ ಶೇಂಗಾ ಮತ್ತು ಕುಸುಬಿ ಎರಡೂ ಹಳೆಯ ಎಣ್ಣೆಗಳು. ಸೂರ್ಯಕಾಂತಿ, ಸೋಯಾ, ಪಾಮ್ ಎಣ್ಣೆಗಳು ಆಮೇಲೆ ಬಂದವು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಶೇಂಗಾ ಎಣ್ಣೆಯ ಸಾಪೇಕ್ಷ ಸಾಂದ್ರತೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ 0.920 ಎಂದೂ, ಕುಸುಬಿ ಎಣ್ಣೆಯದನ್ನು 0.922ರಿಂದ 0.927 ಎಂದೂ ಕೊಡುತ್ತದೆ. ಕುಸುಬಿ ತುಸು ಭಾರ. ಲೀಟರಿಗೆ ಎಂಟು ಹತ್ತು ಗ್ರಾಂ ಹೆಚ್ಚು. ಅಡುಗೆಯಲ್ಲಿ ಇದು ಗಣನೆಗೆ ಬರುವ ವ್ಯತ್ಯಾಸವಲ್ಲ. ನಮ್ಮ ಮನೆಗಳ ಸಾಮಾನ್ಯ ಉಷ್ಣತೆಯಾದ 30 ಡಿಗ್ರಿಗೆ ತಂದರೆ ಎಲ್ಲ ಅಡುಗೆ ಎಣ್ಣೆಗಳೂ ಲೀಟರಿಗೆ 910 ಗ್ರಾಂ ಆಸುಪಾಸಿಗೆ ಬರುತ್ತವೆ. ಪಾಕೀಟಿನ ಮೇಲೆ ಲೀಟರಿನ ಪಕ್ಕದಲ್ಲಿ ಕಾಣುವ ಸಂಖ್ಯೆಯೂ ಸಾಮಾನ್ಯವಾಗಿ ಇದೇ. ಆದ್ದರಿಂದ ಒಂದು ಕಿಲೋ ಎಣ್ಣೆ ಎಂದರೆ ಸುಮಾರು 1 ಲೀಟರ್ 100 ಮಿಲಿ. ಅರ್ಧ ಕಿಲೋ ಎಂದರೆ 550 ಮಿಲಿ. ಪಾವಕಿಲೋ ಎಂದರೆ 275 ಮಿಲಿ. ತೂಕದಿಂದ ಗಾತ್ರಕ್ಕೆ ಹೋಗುವಾಗ ಹತ್ತನೇ ಒಂದು ಭಾಗ ಕೂಡಿಸಬೇಕು, ಗಾತ್ರದಿಂದ ತೂಕಕ್ಕೆ ಬರುವಾಗ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಕಳೆಯಬೇಕು.

ಗಾಣದ ಅಂಗಡಿಯಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. ಗಿರಾಕಿ ತಂದ ಖಾಲಿ ನೀರಿನ ಬಾಟಲಿಯನ್ನು ಅಂಗಡಿಯವರು ಮೊದಲು ತಕ್ಕಡಿಯ ಮೇಲಿಟ್ಟು ಗುಂಡಿ ಒತ್ತಿ ಸೊನ್ನೆ ಮಾಡುತ್ತಾರೆ. ಆಮೇಲೆ ಆಲಿಕೆ ಇಟ್ಟು ಸುರಿಯುತ್ತಾರೆ. ತೆರೆಯ ಮೇಲೆ ಅಂಕಿ ಏರುತ್ತಾ 900 ದಾಟುವ ಹೊತ್ತಿಗೆ ಲೀಟರ್ ಬಾಟಲಿಯ ಕೊರಳಿನ ಹತ್ತಿರ ಎಣ್ಣೆ ಬಂದಿರುತ್ತದೆ. ಕಿಲೋ ಮುಟ್ಟುವ ಮೊದಲೇ ಬಾಟಲಿ ತುಂಬಿ, ಉಳಿದದ್ದಕ್ಕೆ ಇನ್ನೊಂದು ಪಾತ್ರೆ ಬೇಕಾಗುತ್ತದೆ. ಕಿಲೋ ಎಣ್ಣೆಗೆ ಲೀಟರ್ ಬಾಟಲಿ ಸಾಲದೆಂಬುದು ಎಣ್ಣೆ ಕೊಳ್ಳುವವರಿಗೆಲ್ಲ ಅನುಭವದಿಂದ ಗೊತ್ತು. ಆದರೆ ಅದೇ ಅರಿವು ಅಡುಗೆಯ ಲೆಕ್ಕಕ್ಕೆ ಇಳಿಯುವುದಿಲ್ಲ. ಅಲ್ಲಿ ‘ಕಿಲೋ’ ಎಂದದ್ದನ್ನು ಲೀಟರಿನ ಗೆರೆಯ ತನಕವೇ ಸುರಿಯುತ್ತೇವೆ.

ಗಾಣದವರು ತೂಕಕ್ಕೆ ಅಂಟಿಕೊಂಡಿರುವುದರಲ್ಲಿ ಒಂದು ನ್ಯಾಯವಿದೆ. ಮಾಪಿನಲ್ಲಿ ಅಳೆದರೆ ಮಾಪಿನ ಒಳಮೈಗೆ ಎಣ್ಣೆಯ ಪದರ ಅಂಟಿ ಉಳಿಯುತ್ತದೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಬಾಟಲಿಯನ್ನೇ ತೂಗಿದರೆ ಆ ನಷ್ಟವಿಲ್ಲ. ಎರಡನೆಯದು ಉಷ್ಣತೆಯ ವಿಚಾರ. ಗಾಣದಿಂದ ಆಗಷ್ಟೇ ಬಂದ ಎಣ್ಣೆ ಬೆಚ್ಚಗಿರುತ್ತದೆ, ಹಿಗ್ಗಿರುತ್ತದೆ. ಮಾಪಿನಲ್ಲಿ ಕೊಟ್ಟರೆ ಕೊಳ್ಳುವವರಿಗೆ ಕಡಿಮೆ ಎಣ್ಣೆ ಹೋಗುತ್ತದೆ. ತೂಕಕ್ಕೆ ಬಿಸಿ, ತಂಪು ಎಂಬ ಭೇದವಿಲ್ಲ.

ಈ ಉಷ್ಣತೆಯ ಪ್ರಶ್ನೆ ದೇಶದ ಮಟ್ಟದಲ್ಲೇ ಎದ್ದಿತ್ತು. ಅಡುಗೆ ಎಣ್ಣೆ, ವನಸ್ಪತಿ, ತುಪ್ಪಗಳ ಪಾಕೀಟಿನ ಮೇಲೆ ಗಾತ್ರವನ್ನು ನಮೂದಿಸಿದರೆ ತೂಕವನ್ನೂ ನಮೂದಿಸಬೇಕೆಂಬುದು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕು) ನಿಯಮಗಳ ಮಾತು. ಕೆಲವು ತಯಾರಕರು ಗಾತ್ರದ ಜೊತೆಗೆ ಉಷ್ಣತೆಯನ್ನೂ ಅಚ್ಚು ಹಾಕತೊಡಗಿದರು. ಕೆಲವೆಡೆ ಅದು 60 ಡಿಗ್ರಿಯ ತನಕ ಹೋಗಿತ್ತು. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೆ ತಡೆ ಹಾಕಿ, ಉಷ್ಣತೆಯ ಉಲ್ಲೇಖವಿಲ್ಲದೆ ನಿವ್ವಳ ಪ್ರಮಾಣವನ್ನು ನಮೂದಿಸಬೇಕು, 2023ರ ಜನವರಿ 15ರೊಳಗೆ ಪಾಕೀಟುಗಳನ್ನು ತಿದ್ದಿಕೊಳ್ಳಬೇಕು ಎಂದು ಸೂಚಿಸಿತು. ಇಲಾಖೆ ಕೊಟ್ಟ ಉದಾಹರಣೆ ಸೋಯಾ ಎಣ್ಣೆಯದು: ಒಂದು ಲೀಟರು 21 ಡಿಗ್ರಿಯಲ್ಲಿ 919.1 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. 39 ಡಿಗ್ರಿಗೆ 26.5 ಗ್ರಾಂ ವ್ಯತ್ಯಾಸ, ಅಂದರೆ ಡಿಗ್ರಿಗೆ ಸುಮಾರು 0.68 ಗ್ರಾಂ.

ಈ ಒಂದು ಸಂಖ್ಯೆಯಿಂದ ನಮ್ಮ ಸೀಮೆಯ ಲೆಕ್ಕವನ್ನು ತೆಗೆಯಬಹುದು. ಕಿತ್ತೂರಿನ ಕಡೆ ಮಲೆನಾಡಿನ ಸೆರಗು ತಾಕುತ್ತದೆ. ಸವದತ್ತಿ, ರಾಮದುರ್ಗಗಳ ಕಡೆ ನೆಲ ಒಣಗುತ್ತಾ ಹೋಗುತ್ತದೆ, ಬೇಸಿಗೆಯ ಬಿಸಿಲು ಹೆಚ್ಚು. ಚಳಿಗಾಲದ ಬೆಳಗ್ಗೆ 15 ಡಿಗ್ರಿ, ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಎಂದಿಟ್ಟುಕೊಂಡರೆ ಒಂದೇ ಲೀಟರಿನ ಎಣ್ಣೆಯ ತೂಕ 17 ಗ್ರಾಂನಷ್ಟು ಹೆಚ್ಚುಕಡಿಮೆಯಾಗುತ್ತದೆ, ಅಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಮನೆಯ ಒಗ್ಗರಣೆಗೆ ಇದನ್ನು ಮರೆತುಬಿಡಬಹುದು. ಡಬ್ಬಿಗಟ್ಟಲೆ ಕೊಳ್ಳುವವರು ಮರೆಯಲಾಗದು.

ಡಬ್ಬಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಮದುವೆ, ಜಾತ್ರೆ, ಮಠದ ದಾಸೋಹಕ್ಕೆ ಎಣ್ಣೆ ಬರುವುದು ತಗಡಿನ ಡಬ್ಬಿಯಲ್ಲಿ. ಪೇಟೆಯಲ್ಲಿ 15 ಕಿಲೋ ಡಬ್ಬಿಯೂ ಇದೆ, 15 ಲೀಟರ್ ಡಬ್ಬಿಯೂ ಇದೆ. ನೋಟಕ್ಕೆ ಅವೆರಡೂ ಸರಿಸುಮಾರು ಒಂದೇ. 15 ಕಿಲೋ ಡಬ್ಬಿಯಲ್ಲಿ ಹದಿನಾರೂವರೆ ಲೀಟರ್ ಎಣ್ಣೆ ಇರುತ್ತದೆ. 15 ಲೀಟರ್ ಡಬ್ಬಿಯಲ್ಲಿ 13 ಕಿಲೋ 650 ಗ್ರಾಂ. ಅಂತರ ಒಂದು ಕಿಲೋ 350 ಗ್ರಾಂ. ಹತ್ತು ಡಬ್ಬಿ ತರಿಸುವ ದಾಸೋಹದಲ್ಲಿ ಇದು ಒಂದು ಡಬ್ಬಿಯಷ್ಟೇ ಆಗುತ್ತದೆ. ದರ ಹೋಲಿಸುವವರು ಎರಡನ್ನೂ ಕಿಲೋಗೆ ತಂದು ಹೋಲಿಸಬೇಕು. ಡಬ್ಬಿಗೆ ಡಬ್ಬಿ ಹೋಲಿಸಿದರೆ ಅಗ್ಗವೆಂದು ಕಂಡದ್ದು ಅಗ್ಗವಾಗಿರುವುದಿಲ್ಲ.

ಇನ್ನು ಶೇರು. ಈ ಟಿಪ್ಪಣಿಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾವಿ ತಾಲೂಕಿನಲ್ಲಿಯೂ, ಸವದತ್ತಿ ಪರಸಗಡ ತಾಲೂಕಿನಲ್ಲಿಯೂ ಇದ್ದು, ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಮದುರ್ಗ 1948ರ ತನಕ ಬೇರೆಯೇ ಸಂಸ್ಥಾನ. 1956ರ ನವೆಂಬರ್ 1ರಂದು ನಾಲ್ಕೂ ಮೈಸೂರು ರಾಜ್ಯಕ್ಕೆ ಬಂದವು. ಅದೇ 1956ರಲ್ಲಿ ತೂಕ ಮತ್ತು ಅಳತೆಗಳ ಮಾನದಂಡ ಕಾಯ್ದೆ ಆಯಿತು. 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳು ಬಂದು, 1962ರ ಏಪ್ರಿಲ್ 1ರ ಹೊತ್ತಿಗೆ ಕಡ್ಡಾಯವಾದವು. ಆ ಕಾಯ್ದೆಯಲ್ಲಿ ಕೊಟ್ಟಿರುವ ಪರಿವರ್ತನೆಯಂತೆ ತೊಲೆ 11.6638 ಗ್ರಾಂ; 80 ತೊಲೆಯ ಶೇರು 933.1 ಗ್ರಾಂ, 40 ಶೇರಿನ ಮಣ 37 ಕಿಲೋ 324 ಗ್ರಾಂ. ಹಾಗಾದರೆ ಪಾವಶೇರು 233 ಗ್ರಾಂ, ಛಟಾಕು 58 ಗ್ರಾಂ.

ಈಗ ಒಂದು ಹಳೆಯ ಲೆಕ್ಕದಲ್ಲಿ ‘ಒಂದು ಶೇರು ಎಣ್ಣೆ’ ಎಂದಿದೆ ಎನ್ನಿ. ಅದು 80 ತೊಲೆಯ ತೂಕದ ಶೇರಾಗಿದ್ದರೆ ಅದರ ಗಾತ್ರ 933ನ್ನು 0.91ರಿಂದ ಭಾಗಿಸಿದಷ್ಟು: 1,025 ಮಿಲಿ. ಇದು ಲೀಟರಿಗಿಂತ 25 ಮಿಲಿ ಮಾತ್ರ ಹೆಚ್ಚು. ಅಂದರೆ ತೂಕದ ಶೇರಿನಲ್ಲಿ ಹೇಳಿದ ಎಣ್ಣೆಯನ್ನು ಲೀಟರೆಂದು ಓದಿದರೆ ನೂರಕ್ಕೆ ಎರಡೂವರೆಯಷ್ಟು ಕಡಿಮೆಯಾಗುತ್ತದೆ; ಕಿಲೋ ಎಂದು ಓದಿದರೆ ನೂರಕ್ಕೆ ಏಳು ಹೆಚ್ಚಾಗುತ್ತದೆ. ಹೆಚ್ಚಿನವರು ಮಾಡುವುದು ಎರಡನೆಯದನ್ನು, ಏಕೆಂದರೆ ಶೇರು ತೂಕ, ಕಿಲೋ ತೂಕ, ತೂಕಕ್ಕೆ ತೂಕ ಎಂಬ ತರ್ಕ ಸಹಜವಾಗಿ ತೋರುತ್ತದೆ. ಎಣ್ಣೆಯ ವಿಷಯದಲ್ಲಿ ಲೀಟರೇ ಹಳೆಯ ಶೇರಿಗೆ ಹತ್ತಿರ.

ಹಾಲಿಗೆ ಇದೇ ನಿಯಮ ಹಚ್ಚಿದರೆ ಕೆಡುತ್ತದೆ. ಹಾಲು ನೀರಿಗಿಂತ ಭಾರ, ಲೀಟರಿಗೆ ಸುಮಾರು 1,030 ಗ್ರಾಂ. ತೂಕದ ಒಂದು ಶೇರು ಹಾಲೆಂದರೆ 906 ಮಿಲಿ. ಅಲ್ಲಿ ಲೀಟರು ಸುರಿದರೆ ನೂರಕ್ಕೆ ಹತ್ತು ಹೆಚ್ಚು. ಹೀಗಾಗಿ ಎಣ್ಣೆ, ಹಾಲು, ಬೆಲ್ಲ ಮೂರೂ ಬರುವ ಒಂದು ಹಳೆಯ ಲೆಕ್ಕದಲ್ಲಿ ಎಲ್ಲ ಶೇರುಗಳನ್ನೂ ಒಂದೇ ಏಟಿಗೆ ‘ಲೀಟರ್/ಕಿಲೋ’ ಎಂದು ತಿದ್ದಿದರೆ ಪದಾರ್ಥಗಳ ನಡುವಿನ ಪ್ರಮಾಣವೇ ಓರೆಯಾಗುತ್ತದೆ. ಶೇರನ್ನೆಲ್ಲ ಕಿಲೋ ಮಾಡಿ, ದ್ರವಗಳನ್ನೂ ತೂಗಿಯೇ ಹಾಕಿದರೆ ಒಟ್ಟು ಅಡುಗೆ ನೂರಕ್ಕೆ ಏಳು ಪಾಲು ಹೆಚ್ಚಾಗುತ್ತದೆಯೇ ಹೊರತು ಪ್ರಮಾಣ ಕೆಡುವುದಿಲ್ಲ. ನಾನು ಒಪ್ಪುವ ಪರಿಹಾರ ಇದು. ಅಡುಗೆಯಲ್ಲಿ ಪ್ರಮಾಣ ಉಳಿದರೆ ರುಚಿ ಉಳಿಯುತ್ತದೆ.

ಆದರೆ ಎಲ್ಲ ಶೇರೂ ತೂಕದ ಶೇರಲ್ಲ. ಕಾಳು, ಹಿಟ್ಟು, ಹಾಲು, ಮಜ್ಜಿಗೆಗೆ ಪಾತ್ರೆಯ ಶೇರೂ ಇತ್ತು, ಅದು ಊರಿಂದ ಊರಿಗೆ ಬದಲಾಗುತ್ತಿತ್ತು. ಮೈಸೂರು ಸೀಮೆಯ ಕಡೆ 24 ತೊಲೆಯ ಕಚ್ಚಾ ಶೇರೂ ಇತ್ತು. ಅದು 280 ಗ್ರಾಂ, ಅಂದರೆ 80 ತೊಲೆಯ ಶೇರಿನ ಮೂರರಲ್ಲೊಂದಕ್ಕಿಂತಲೂ ಕಡಿಮೆ. ಆ ಕಡೆ ಅಚ್ಚಾದ ಪಾಕಪುಸ್ತಕವನ್ನು ಬೈಲಹೊಂಗಲದಲ್ಲಿ ಕುಳಿತು ಓದುವವರು ಅಲ್ಲಿನ ಶೇರು, ಪಾವುಗಳನ್ನು ತಮ್ಮ ಪಾವಶೇರೆಂದು ತಿಳಿಯಬಾರದು. ಯಾವ ಶೇರು ಎಂಬುದನ್ನು ಲೆಕ್ಕದೊಳಗಿನ ಸಾಕ್ಷ್ಯದಿಂದಲೇ ತೀರ್ಮಾನಿಸಬೇಕಾಗುತ್ತದೆ: ಜೊತೆಗೆ ತೊಲೆ, ಛಟಾಕು ಬಂದಿದ್ದರೆ ತಕ್ಕಡಿಯ ಕಡೆಗೆ ವಾಲಬಹುದು, ಸೊಲಗೆ, ಗಿದ್ನ ಬಂದಿದ್ದರೆ ಪಾತ್ರೆಯ ಕಡೆಗೆ.

ಎಣ್ಣೆಯನ್ನು ಪಾತ್ರೆಯಲ್ಲಿ ಅಳೆಯುವ ಪದ್ಧತಿ ಇಲ್ಲಿ ತೀರಾ ಹಳೆಯದು. ಸವದತ್ತಿ ರಟ್ಟ ಅರಸರ ರಾಜಧಾನಿಯಾಗಿದ್ದ ಊರು. ರಟ್ಟರ ಶಾಸನಗಳನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ 19ನೇ ಶತಮಾನದಲ್ಲೇ ಪ್ರಕಟಿಸಿದ್ದಾರೆ. ಕನ್ನಡ ನಾಡಿನ ದೇವಾಲಯ ಶಾಸನಗಳಲ್ಲಿ ನಂದಾದೀಪಕ್ಕೆ ಗಾಣದಿಂದ ಸಲ್ಲಬೇಕಾದ ಎಣ್ಣೆ ಸೊಲ್ಲಗೆ, ಮಾನಗಳಲ್ಲಿ ಬರುತ್ತದೆ. ದೀಪದ ಮಟ್ಟಿಗೆ ಇದು ತಕ್ಕ ಅಳತೆ. ಹಣತೆ ಹಿಡಿಯುವುದು ಗಾತ್ರವನ್ನು, ಬತ್ತಿ ಉರಿಯುವ ಹೊತ್ತನ್ನು ಲೆಕ್ಕ ಹಾಕುವುದೂ ತುಂಬಿದ ಪಾತ್ರೆಯಿಂದಲೇ.

ಅಡುಗೆಯಲ್ಲೂ ಗಾತ್ರವೇ ಮುಖ್ಯವಾಗುವ ಸಂದರ್ಭಗಳಿವೆ. ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯಲ್ಲಿ ಹೋಳುಗಳ ಮೇಲೆ ಬೆರಳೆತ್ತರ ಎಣ್ಣೆ ನಿಲ್ಲಬೇಕು. ಅದನ್ನು ಭರಣಿಯ ಗಾತ್ರ ನಿರ್ಧರಿಸುತ್ತದೆ. ಉಪ್ಪು ಮಾತ್ರ ಕಾಯಿಯ ತೂಕಕ್ಕೆ ಬೀಳಬೇಕು. ಕರಿಯುವ ಎಣ್ಣೆಯದೂ ಹೀಗೆಯೇ, ಆದರೆ ಅಲ್ಲಿ ಒಂದು ಅಪಾಯವಿದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಬರುವ ಕುಟುಂಬಗಳು ಅಲ್ಲಿಯೇ ಒಲೆ ಹೂಡಿ ದೇವಿಯ ನೈವೇದ್ಯದ ಪಡ್ಡಲಗಿ ತುಂಬಿಸಲು ಹೋಳಿಗೆ, ಕಡಬು, ವಡೆ ಮಾಡುತ್ತಾರೆ. ಐದು ಕಿಲೋ ಎಣ್ಣೆ ಹೊಯ್ದ ಬಾಣಲಿಯಲ್ಲಿ, ಎಣ್ಣೆ 30 ಡಿಗ್ರಿಯಲ್ಲಿದ್ದಾಗ, ಐದೂವರೆ ಲೀಟರ್ ಇರುತ್ತದೆ. ಕರಿಯುವ ಹದಕ್ಕೆ, 180 ಡಿಗ್ರಿಗೆ, ಕಾಯಿಸಿದಾಗ ಅದೇ ಡಿಗ್ರಿಗೆ 0.68 ಗ್ರಾಂ ಲೆಕ್ಕದಲ್ಲಿ ಲೀಟರಿನ ತೂಕ 810 ಗ್ರಾಂ ಹತ್ತಿರಕ್ಕೆ ಇಳಿಯುತ್ತದೆ, ಬಾಣಲಿಯೊಳಗಿನ ಗಾತ್ರ ಆರು ಲೀಟರ್ ದಾಟುತ್ತದೆ. ಒಂದು ಹನಿಯೂ ಸೇರಿಸದೆ ಮುಕ್ಕಾಲು ಲೀಟರಿನ ಹತ್ತಿರ ಏರಿಕೆ. ಅದರ ಮೇಲೆ ಕಡಬು ಬಿಟ್ಟಾಗ ಏಳುವ ನೊರೆ ಬೇರೆ. ತಣ್ಣಗಿದ್ದಾಗ ಅಂಚಿನ ಹತ್ತಿರದ ತನಕ ತುಂಬಿದ ಬಾಣಲಿ ಕಾದ ಮೇಲೆ ಒಲೆಗೆ ಉಕ್ಕಬಹುದು. ಬಯಲಲ್ಲಿ, ಗಾಳಿಯಲ್ಲಿ, ಕಟ್ಟಿಗೆ ಉರಿಯ ಮೇಲೆ, ಸುತ್ತ ಮಕ್ಕಳಿರುವಾಗ ಇದು ಸಣ್ಣ ಮಾತಲ್ಲ. ಬಾಣಲಿಯ ಮೂರರಲ್ಲೊಂದು ಭಾಗವನ್ನಾದರೂ ಖಾಲಿ ಬಿಡುವ ಅನುಭವಿ ಅಡುಗೆಯವರ ಪದ್ಧತಿಗೆ ಈ ಲೆಕ್ಕದ ಪೂರ್ಣ ಬೆಂಬಲವಿದೆ.

ತುಪ್ಪ ಇನ್ನೊಂದು ಬಗೆಯದು. ಪೂರ್ತಿ ಕರಗಿದ ತುಪ್ಪದ ಲೀಟರು 905ರಿಂದ 910 ಗ್ರಾಂ. ಎಣ್ಣೆಯ ಗುಣಕವನ್ನೇ ಬಳಸಬಹುದು. ಆದರೆ ತುಪ್ಪ ಒಂದೇ ಉಷ್ಣತೆಯಲ್ಲಿ ಒಮ್ಮೆಲೇ ಕರಗುವ ವಸ್ತುವಲ್ಲ, ಸುಮಾರು 28ರಿಂದ 44 ಡಿಗ್ರಿಯ ತನಕ ಮೆಲ್ಲಮೆಲ್ಲಗೆ ಕರಗುತ್ತದೆ. ಮಾರ್ಗಶಿರ, ಪುಷ್ಯದಲ್ಲಿ ಗಟ್ಟಿ ಹರಳಾಗಿ ಕೂತ ಎಮ್ಮೆ ತುಪ್ಪವನ್ನು ಚಮಚದಿಂದ ತೋಡಿ ವಾಟಿಗೆ ಹಾಕಿದರೆ ನಡುವೆ ಗಾಳಿ ಸೇರುತ್ತದೆ, ಮೇಲೆ ಗೋಪುರ ನಿಲ್ಲುತ್ತದೆ. ಒಂದೇ ವಾಟಿ ಒಬ್ಬರ ಕೈಯಲ್ಲಿ ಕಡಿಮೆ, ಇನ್ನೊಬ್ಬರ ಕೈಯಲ್ಲಿ ಹೆಚ್ಚು ಹಿಡಿಯುತ್ತದೆ. ಬೇಸನ್ ಉಂಡಿಯಂಥ, ತುಪ್ಪದ ಪ್ರಮಾಣ ತುಸು ಹೆಚ್ಚಾದರೂ ಉಂಡೆ ಕೂರದೆ ಹರಡುವ ತಿನಿಸಿಗೆ ತುಪ್ಪವನ್ನು ತೂಗಬೇಕು, ಇಲ್ಲವೇ ಕರಗಿಸಿ ಅಳೆಯಬೇಕು. ಗಟ್ಟಿ ತುಪ್ಪಕ್ಕೆ ವಾಟಿ ಬಳಸಿ ಬರೆದ ಯಾವ ಲೆಕ್ಕವನ್ನೂ ನಾನು ನಂಬುವುದಿಲ್ಲ.

ಹಾಲಿನ ಮಟ್ಟಿಗೆ ಡೇರಿಗಳೇ ಈ ಪರಿವರ್ತನೆಯನ್ನು ಮನೆಮಾತು ಮಾಡಿವೆ. ಲೀಟರನ್ನು ಕಿಲೋಗೆ ತರಲು 1.03ರಿಂದ ಗುಣಿಸುವುದು ಅಲ್ಲಿನ ರೂಢಿ. ಕೊಬ್ಬಿನ ಶೇಕಡಾವಾರು ತೂಕದ ಮೇಲಿನದ್ದಾದ್ದರಿಂದ ಈ ಗುಣಕ ರೈತರ ಹಣಕ್ಕೇ ಸಂಬಂಧಿಸಿದ್ದು. 40 ಲೀಟರ್ ಹಾಲಿಗೆ ನೂರಕ್ಕೆ ಆರು ಕೊಬ್ಬು ಎಂದರೆ, ಲೀಟರನ್ನೇ ಕಿಲೋ ಎಂದು ಹಿಡಿದಾಗ 2.4 ಕಿಲೋ ಕೊಬ್ಬು, 41.2 ಕಿಲೋ ಎಂದು ಸರಿಯಾಗಿ ಹಿಡಿದಾಗ 2.472 ಕಿಲೋ. ಅಂಥ ಒಂದು ಕ್ಯಾನಿಗೆ 72 ಗ್ರಾಂ ಕೊಬ್ಬಿನ ವ್ಯತ್ಯಾಸ. ಮನೆಯಲ್ಲಿ ಬೆಣ್ಣೆ ಕಾಯಿಸುವವರಿಗೂ ಇದು ಉಪಯೋಗದ ಲೆಕ್ಕ: ನೂರಕ್ಕೆ ಏಳು ಕೊಬ್ಬಿರುವ ಎಮ್ಮೆ ಹಾಲಿನ ಒಂದು ಲೀಟರಿನಲ್ಲಿ 72 ಗ್ರಾಂ ಕೊಬ್ಬಿದೆ, ಒಂದಿಷ್ಟೂ ನಷ್ಟವಾಗದಿದ್ದರೆ ಸುಮಾರು 79 ಮಿಲಿ ತುಪ್ಪ. ಮಜ್ಜಿಗೆಯಲ್ಲಿ ಉಳಿಯುವುದು, ಪಾತ್ರೆಗೆ ಅಂಟುವುದು, ಗಸಿಯಲ್ಲಿ ಹೋಗುವುದು ಸೇರಿ ಕೈಗೆ ಸಿಗುವುದು ಇದಕ್ಕಿಂತ ಕಡಿಮೆಯೇ.

ಹಾಗಾದರೆ ಲೀಟರ್ ಹಾಲನ್ನು ತೂಗಿ ನೀರು ಬೆರೆಸಿದ್ದನ್ನು ಕಂಡುಹಿಡಿಯಬಹುದೇ ಎಂದು ಯಾರಿಗಾದರೂ ತೋಚುತ್ತದೆ. ಮನೆಯಲ್ಲಿ ಆಗದು. ಹತ್ತನೇ ಒಂದು ಭಾಗ ನೀರು ಬೆರೆಸಿದರೆ ಲೀಟರಿನ ತೂಕ 1,030ರಿಂದ 1,027 ಗ್ರಾಂಗೆ ಇಳಿಯುತ್ತದೆ. ಮೂರು ಗ್ರಾಂ ವ್ಯತ್ಯಾಸ ಹಿಡಿಯಲು ಲೀಟರಿನ ಗೆರೆ ಮೂರು ಮಿಲಿಗಿಂತ ನಿಖರವಾಗಿರಬೇಕು. ನೊರೆ ಇರುವ ಹಾಲಿನಲ್ಲಿ ಅದು ಅಸಾಧ್ಯ. ಲ್ಯಾಕ್ಟೋಮೀಟರ್ ಕೂಡ ಸಾಂದ್ರತೆಯನ್ನಷ್ಟೇ ಅಳೆಯುವುದರಿಂದ ಅದಕ್ಕೂ ಮಿತಿಯಿದೆ: ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ, ಎರಡನ್ನೂ ಮಾಡಿದರೆ ಅಂಕಿ ಮೊದಲಿನ ಜಾಗಕ್ಕೇ ಬರಬಹುದು. ಆದ್ದರಿಂದಲೇ ಅದರ ಜೊತೆಗೆ ಕೊಬ್ಬಿನ ಪರೀಕ್ಷೆಯೂ ಬೇಕು.

ಮಜ್ಜಿಗೆ, ಹುಣಸೆ ರಸ, ಸಾರಿನ ಕಟ್ಟುಗಳನ್ನು ನೀರೆಂದೇ ಹಿಡಿಯಬಹುದು. ಜೋಳದ ಹಿಟ್ಟಿಗೆ ಹೊಯ್ಯುವ ಕುದಿಯುವ ಎಸರಿನ ಲೀಟರು 958 ಗ್ರಾಂ ಮಾತ್ರ, ನೂರಕ್ಕೆ ನಾಲ್ಕು ಕಡಿಮೆ; ನೀರನ್ನು ತಣ್ಣಗಿದ್ದಾಗ ಅಳೆದು ಕಾಯಿಸಿದರೆ ಆವಿಯಾಗಿ ಹೋಗುವುದೇ ಅದಕ್ಕಿಂತ ಹೆಚ್ಚಾಗಬಹುದು. ರೊಟ್ಟಿ ಬಡಿಯುವವರ ಕೈ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಗಾತ್ರದ ಅಳತೆ ಪೂರ್ತಿ ಸೋಲುವುದು ಪಾಕದಲ್ಲಿ. ಮಲಪ್ರಭೆಯ ನೀರಾವರಿಯ ಕಬ್ಬು, ಎಂ.ಕೆ. ಹುಬ್ಬಳ್ಳಿಯ ಸಹಕಾರಿ ಸಕ್ಕರೆ ಕಾರ್ಖಾನೆ, ಬೆಲ್ಲದ ಗಾಣಗಳು ಇರುವ ಈ ಸೀಮೆಯಲ್ಲಿ ಸಿಹಿ ದ್ರವಗಳಿಗೆ ಕೊರತೆಯಿಲ್ಲ. ಕಬ್ಬಿನ ಹಾಲು ನೂರಕ್ಕೆ ಹದಿನೆಂಟರಷ್ಟು ಸಿಹಿ ಇದ್ದಾಗ ಲೀಟರಿಗೆ 1,072 ಗ್ರಾಂ ತೂಗುತ್ತದೆ. ಕಾಕಂಬಿ ಮತ್ತು ಜೇನು 1,400 ಗ್ರಾಂ ಆಸುಪಾಸು. ಅಂದರೆ 200 ಮಿಲಿಯ ವಾಟಿಯಲ್ಲಿ ಎಣ್ಣೆ 182 ಗ್ರಾಂ, ಜೇನು 280 ಗ್ರಾಂ. ಪಾಕಕ್ಕೆ ಹೀಗೆ ಒಂದು ಸಂಖ್ಯೆ ಕೊಡಲಾಗದು, ಏಕೆಂದರೆ ಒಲೆಯ ಮೇಲೆ ಅದು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಸಕ್ಕರೆಯ ದ್ರಾವಣದ ಲೀಟರಿನ ತೂಕ 20 ಡಿಗ್ರಿಯಲ್ಲಿ, ನೂರಕ್ಕೆ ಐವತ್ತು ಸಕ್ಕರೆ ಇದ್ದಾಗ 1,230 ಗ್ರಾಂ, ಅರವತ್ತಿದ್ದಾಗ 1,286, ಎಪ್ಪತ್ತಿದ್ದಾಗ 1,347, ಎಪ್ಪತ್ತೈದಿದ್ದಾಗ 1,379.

ಇಲ್ಲಿ ತೂಕ ಒಂದು ಹೊಸ ಉಪಾಯವನ್ನೇ ಕೊಡುತ್ತದೆ. ಶೇವಿನ ಉಂಡಿ, ಬುಂದಿ ಉಂಡಿಗೆ ಪಾಕ ಹಿಡಿಯುವವರು ಸೌಟಿನಿಂದ ಒಂದು ಹನಿ ತೆಗೆದು, ಊದಿ ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸುತ್ತಾರೆ. ಬೆರಳುಗಳ ನಡುವೆ ಎಳೆ ಎದ್ದು, ತುಂಡಾಗದೆ ನಿಂತರೆ ಹದ ಬಂತು. ಇದು ನಂಬಬಹುದಾದ ಪರೀಕ್ಷೆ, ಆದರೆ ಕಲಿಯಲು ವರ್ಷಗಳು ಬೇಕು. ಅದೇ ಹದವನ್ನು ತಕ್ಕಡಿಯಿಂದ ಹಿಡಿಯಬಹುದು. ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು ಹಾಕಿದರೆ ಒಟ್ಟು 1,500 ಗ್ರಾಂ. ಕುದಿಯುವಾಗ ಹೋಗುವುದು ನೀರು ಮಾತ್ರ. ಸಕ್ಕರೆ ಕಿಲೋ ಕಿಲೋವಾಗಿಯೇ ಉಳಿಯುತ್ತದೆ. ಆದ್ದರಿಂದ ಪಾತ್ರೆಯ ತೂಕ ಕಳೆದು ಪಾಕ 1,333 ಗ್ರಾಂಗೆ ಬಂದಾಗ ಅದರಲ್ಲಿ ಸಕ್ಕರೆ ನೂರಕ್ಕೆ ಎಪ್ಪತ್ತೈದು. 1,250ಕ್ಕೆ ಬಂದಾಗ ಎಂಬತ್ತು. ಇದಕ್ಕೆ ಉಷ್ಣಮಾಪಕವೂ ಬೇಡ, ಸಾಂದ್ರತೆಯ ಕೋಷ್ಟಕವೂ ಬೇಡ. ಗಾತ್ರದಿಂದ ಇದನ್ನು ಅಳೆಯಲು ಹೊರಟರೆ 1,131 ಮಿಲಿಯಿಂದ 967 ಮಿಲಿಗೆ ಇಳಿಯುವುದನ್ನು, ಅದೂ ಕುದಿಯುತ್ತಾ ನೊರೆಯೆದ್ದ ಪಾಕದಲ್ಲಿ, ನೋಡಬೇಕಾಗುತ್ತದೆ.

ಬೆಲ್ಲಕ್ಕೆ ಸಕ್ಕರೆಯ ಅಂಕಿಗಳು ನೇರವಾಗಿ ಹೊಂದುವುದಿಲ್ಲ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಖನಿಜಾಂಶ, ತೇವ ಎಲ್ಲವೂ ಇವೆ, ಒಂದು ಗಾಣದ ಬೆಲ್ಲದಂತೆ ಇನ್ನೊಂದರದ್ದಿಲ್ಲ. ಆದರೆ ವಿಧಾನ ಹೊಂದುತ್ತದೆ. ಕೈಪಳಗಿದವರು ಎಳೆ ನೋಡಿ ‘ಸಾಕು’ ಎಂದ ಕ್ಷಣದಲ್ಲಿ ಪಾತ್ರೆಯನ್ನು ಇಳಿಸಿ ತೂಗಿ, ಹಾಕಿದ ಬೆಲ್ಲದ ಕಿಲೋಗೆ ಪಾಕ ಎಷ್ಟು ಗ್ರಾಂ ಉಳಿಯಿತು ಎಂದು ಬರೆದಿಟ್ಟುಕೊಂಡರೆ, ಅದೇ ಪೆಂಟೆಯ ಬೆಲ್ಲಕ್ಕೆ ಆ ಅಂಕಿ ಮುಂದಿನ ಸಲವೂ ನಡೆಯುತ್ತದೆ. ಬಿಸಿ ಪಾತ್ರೆಯನ್ನು ತಕ್ಕಡಿಯ ಮೇಲಿಡುವಾಗ ಕೆಳಗೆ ಮಣೆ ಇಟ್ಟು, ಅದರ ತೂಕವನ್ನು ಮೊದಲೇ ಕಳೆದಿರಬೇಕು.

ಕೊನೆಗೆ, ಮನೆಯ ಪಾತ್ರೆಗಳು. ವಾಟಿ, ತಂಬಿಗೆಗಳ ಗಾತ್ರ ತಿಳಿಯಲು ಅವನ್ನು ನೀರಿನಿಂದ ತೂಗುವುದೇ ದಾರಿ. ಖಾಲಿ ಪಾತ್ರೆಗೆ ಸೊನ್ನೆ ಮಾಡಿ, ಅಂಚಿನ ತನಕವೋ ಕೊರಳಿನ ತನಕವೋ, ದಿನವೂ ತುಂಬುವಷ್ಟೇ ನೀರು ತುಂಬಿ ತೂಗಿದರೆ ಬಂದ ಗ್ರಾಂಗಳೇ ಮಿಲಿಲೀಟರುಗಳು. 30 ಡಿಗ್ರಿಯ ನೀರಿನಲ್ಲಿ ತಪ್ಪು ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಚಮಚವಾದರೆ ಹತ್ತು ಚಮಚ ತೂಗಿ ಭಾಗಿಸಬೇಕು, ಇಲ್ಲದಿದ್ದರೆ ತಕ್ಕಡಿಯ ಒಂದು ಗ್ರಾಂ ತಪ್ಪೇ ದೊಡ್ಡದಾಗುತ್ತದೆ. ಆಮೇಲೆ ಎಣ್ಣೆ ಮತ್ತು ಕರಗಿದ ತುಪ್ಪಕ್ಕೆ 0.91, ಹಾಲಿಗೆ 1.03, ಜೇನು ಮತ್ತು ಕಾಕಂಬಿಗೆ 1.4ರಿಂದ ಗುಣಿಸಿದರೆ ಆಯಿತು. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2,000 ಕ್ಯಾಲೊರಿಯ ದಿನದ ಊಟಕ್ಕೆ ಸೂಚಿಸುವ 27 ಗ್ರಾಂ ಎಣ್ಣೆ–ಕೊಬ್ಬು ತಮ್ಮ ಮನೆಯ ಚಮಚದಲ್ಲಿ ಎಷ್ಟು ಎಂಬುದೂ ಇದೇ ಗುಣಾಕಾರದಿಂದ ತಿಳಿಯುತ್ತದೆ. 27 ಗ್ರಾಂ ಎಂದರೆ 30 ಮಿಲಿ. 15 ಮಿಲಿಯ ಚಮಚದಲ್ಲಿ ಎರಡು.

ಪಾತ್ರೆಯನ್ನು ನೀರಿನ ತೂಕದಿಂದ ಅಳೆಯುವ ಈ ಕ್ರಮ ಕಾನೂನಿನಲ್ಲೂ ಹಳೆಯದು. 1871ರ ಭಾರತೀಯ ತೂಕ ಮತ್ತು ಗಾತ್ರಮಾನಗಳ ಕಾಯ್ದೆ ಶೇರನ್ನು ಕಿಲೋಗ್ರಾಂಗೆ ಸಮ ಮಾಡಿ, ಅಂಥ ಒಂದು ಶೇರು ನೀರು ಹಿಡಿಯುವ ಪಾತ್ರೆಯನ್ನೇ ಗಾತ್ರದ ಮಾನವೆಂದು ಗೊತ್ತುಮಾಡಿತ್ತು. ಅದು ಜಾರಿಗೆ ಬರಲಿಲ್ಲ. ಲೀಟರು ಕೂಡ 1901ರಿಂದ 1964ರ ತನಕ ಒಂದು ಕಿಲೋ ನೀರಿನ ಗಾತ್ರವೆಂದೇ ವ್ಯಾಖ್ಯಾನಗೊಂಡಿತ್ತು. ಬೈಲಹೊಂಗಲದ ಪೇಟೆಗೆ ಮೆಟ್ರಿಕ್ ಅಳತೆ ಕಾಲಿಟ್ಟಾಗ ಲೀಟರಿನ ವ್ಯಾಖ್ಯೆ ಇದೇ ಆಗಿತ್ತು.

ಈ ನಾಲ್ಕು ತಾಲೂಕುಗಳ ಮನೆಗಳಲ್ಲಿ ಹಿತ್ತಾಳೆ, ತಾಮ್ರ, ಕಬ್ಬಿಣದ ಹಳೆಯ ಮಾಪುಗಳು ಅಟ್ಟದ ಮೇಲೆ, ದೇವರ ಕೋಣೆಯಲ್ಲಿ ಇನ್ನೂ ಇವೆ. ಹಿರಿಯರಿಂದ ಅಡುಗೆಯ ಲೆಕ್ಕ ಬರೆದುಕೊಳ್ಳುವವರು ಅವರು ಕೈಗೆತ್ತಿಕೊಳ್ಳುವ ಪಾತ್ರೆಯ ನೀರಿನ ತೂಕವನ್ನು, ಅವರು ಅದನ್ನು ಎಲ್ಲಿಯ ತನಕ ತುಂಬುತ್ತಾರೆ ಎಂಬುದನ್ನು, ತುಪ್ಪವಾದರೆ ಕರಗಿತ್ತೋ ಗಟ್ಟಿಯಿತ್ತೋ ಎಂಬುದನ್ನು ಅಲ್ಲಿಯೇ ನಮೂದಿಸಬೇಕು. ಊರಿನ ಹೆಸರೂ ಜೊತೆಗಿರಲಿ. ಸವದತ್ತಿಯ ಸೊಲಗೆಯನ್ನೂ ರಾಮದುರ್ಗದ ಸೊಲಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಬೇಕಾದದ್ದು ಅಷ್ಟೇ.